ಕರಿ ಹೊಗೆ ಕಂಡರೆ ಮೊದಲು ಗಾಳಿ ಹುಡುಕಿ

ಶಿಕಾರಿಪುರದಿಂದ ಶಿರಾಳಕೊಪ್ಪ ದಾಟಿ ಸೊರಬಕ್ಕೆ ಹೋಗುವಾಗ, ಮುಂದಿನ ಹಳೇ ಟರ್ಬೊ ಡೀಸೆಲ್ ಗಾಡಿ ಏರು ಸಿಕ್ಕೊಡನೆ ಕರಿ ಹೊಗೆ ಕಾರುವುದನ್ನು ನೀವೂ ನೋಡಿರುತ್ತೀರಿ. ‘ಡೀಸೆಲ್ ಜಾಸ್ತಿ ಹೋಗ್ತಿದೆ, ಪಂಪ್ ಬಿಚ್ಚಿಸಿ’ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಆದರೆ ಎಷ್ಟೋ ಸಲ ಹೆಚ್ಚಾಗಿರುವುದು ಡೀಸೆಲ್ ಅಲ್ಲ, ಕಡಿಮೆಯಾಗಿರುವುದು ಗಾಳಿ.

ಒಂದು ಕಿಲೋ ಡೀಸೆಲ್ ಪೂರ್ತಿ ಉರಿಯಲು ಸುಮಾರು 14.5 ಕಿಲೋ ಗಾಳಿ ಬೇಕು. ಬೆರೆಯಲು ಸಿಗುವ ಸಮಯ ತೀರಾ ಕಡಿಮೆಯಾದ್ದರಿಂದ ಎಂಜಿನ್ನಿಗೆ ಇನ್ನೂ ಹೆಚ್ಚೇ ಕೊಡಬೇಕಾಗುತ್ತದೆ. ಸಾಲದಿದ್ದರೆ ಉರಿಯದೆ ಉಳಿದ ಇಂಗಾಲ ಮಸಿಯಾಗಿ ಹೊರಬರುತ್ತದೆ. ಲಾಟೀನಿನ ಬತ್ತಿ ಹೆಚ್ಚು ಏರಿಸಿದಾಗ ಗಾಜು ಕಪ್ಪಾಗುತ್ತಿದ್ದುದು ಇದೇ ಕಾರಣಕ್ಕೆ.

ಟರ್ಬೊ ಎಂದರೆ ಹೊಗೆಯ ರಭಸಕ್ಕೆ ತಿರುಗುವ ಚಕ್ರ; ನಿಮಿಷಕ್ಕೆ ಲಕ್ಷ ಸುತ್ತು ದಾಟಬಲ್ಲದು. ಅದು ಒತ್ತಿದ ಗಾಳಿ ಇಂಟರ್‌ಕೂಲರಿನಲ್ಲಿ ತಣಿದು, ರಬ್ಬರ್ ಹೋಸುಗಳ ಮೂಲಕ ಎಂಜಿನ್ ಸೇರುತ್ತದೆ. ಬಿಸಿ ಮತ್ತು ಎಣ್ಣೆಯ ಆವಿಗೆ ವರ್ಷಗಟ್ಟಲೆ ಸಿಕ್ಕ ಹೋಸು ಬಿರಿಯುತ್ತದೆ. ಮೋಸ ಆಗುವುದು ಇಲ್ಲಿಯೇ. ಗ್ಯಾರೇಜಿನಲ್ಲಿ ನಿಂತ ಗಾಡಿಯಲ್ಲಿ ಒತ್ತಡವಿಲ್ಲ, ಬಿರುಕು ಮುಚ್ಚಿಕೊಂಡಿರುತ್ತದೆ, ಎಂಜಿನ್ ಸದ್ದೂ ಸರಿಯಾಗಿಯೇ ಕೇಳುತ್ತದೆ. ಜನ ತುಂಬಿಕೊಂಡು ಚಂದ್ರಗುತ್ತಿಯ ಕಡೆ ಹೊರಟಾಗ ಬಿರುಕು ಬಾಯಿ ಬಿಡುತ್ತದೆ. ಗಾಳಿ ‘ಸುಸ್ಸ್’ ಎಂದು ಸೋರುತ್ತದೆ, ಕಾಲು ಒತ್ತಿದಷ್ಟೂ ಪಂಪ್ ಡೀಸೆಲ್ ಕೊಡುತ್ತಲೇ ಇರುತ್ತದೆ. ಪಿಕಪ್ ಸತ್ತು, ಹೊಗೆ ಏಳುತ್ತದೆ.

ಪೆಟ್ರೋಲ್ ಟರ್ಬೊ ಕಾರುಗಳದ್ದೂ ಹೆಚ್ಚುಕಡಿಮೆ ಇದೇ ಕಥೆ. ಗಾಳಿ ಅಳೆಯುವ ಸೆನ್ಸರ್ ಟರ್ಬೊಗಿಂತ ಮುಂಚೆ ಇದ್ದರೆ, ಸೋರಿಹೋದ ಗಾಳಿಗೂ ಕಂಪ್ಯೂಟರ್ ಪೆಟ್ರೋಲ್ ಸುರಿಯುತ್ತದೆ. ಸ್ಪಾರ್ಕ್ ಪ್ಲಗ್ಗಿನ ಮೇಲೆ ಒಣ ಕಪ್ಪು ಮಸಿ ಕೂತಿರುತ್ತದೆ.

ಮೊದಲು ಏರ್ ಫಿಲ್ಟರ್ ತೆಗೆದು ನೋಡಿ. ಮೆಕ್ಕೆಜೋಳ ಒಕ್ಕುವ ದಿನಗಳ ಧೂಳು ಅದನ್ನು ಬೇಗ ಕಟ್ಟಿಸುತ್ತದೆ. ಆಮೇಲೆ, ಎಂಜಿನ್ ತಣ್ಣಗಿರುವಾಗ ಹೋಸುಗಳನ್ನು ಕೈಯಲ್ಲಿ ಅದುಮಿ, ತಿರುವಿ ಅಡಿಭಾಗ ಪರೀಕ್ಷಿಸಿ. ಕ್ಲಿಪ್ಪಿನ ಬಳಿ ಎಣ್ಣೆ ಬೆರೆತ ಧೂಳು ಅಂಟಿದ್ದರೆ ಅಲ್ಲಿ ಸೋರಿಕೆಯ ಅನುಮಾನ. ಮೆಕ್ಯಾನಿಕ್ ಹದವಾದ ಒತ್ತಡದಲ್ಲಿ ಗಾಳಿ ತುಂಬಿ ಸೋಪಿನ ನೀರು ಹಚ್ಚಿದರೆ, ಪಂಕ್ಚರ್ ಟ್ಯೂಬಿನಂತೆ ಗುಳ್ಳೆ ಏಳುತ್ತದೆ. ನಾಜಲ್, ಪಂಪ್ ಎಲ್ಲ ಇದಾದ ಮೇಲೆ. ಹೊಗೆ ನೀಲಿಯಾಗಿದ್ದರೆ ಮಾತ್ರ ವಿಷಯ ಬೇರೆ, ಅದು ಎಂಜಿನ್ ಆಯಿಲ್ ಉರಿಯುವ ಲಕ್ಷಣ.

ಹೊಗೆ ಇದ್ದರೂ ಓಡುತ್ತದಲ್ಲ ಎಂದು ಬಿಡಬೇಡಿ. ಗಾಳಿ ಸಾಲದ ಡೀಸೆಲ್ ಎಂಜಿನ್ನಿನಲ್ಲಿ ಹೊಗೆಯ ಕಾವು ಏರಿ ಟರ್ಬೊವನ್ನೇ ಸುಡುತ್ತದೆ. ಹೋಸು ಬದಲಿಸಿದ ಮೇಲೆ ಅದೇ ಏರಿನಲ್ಲಿ, ಅಷ್ಟೇ ಹೊರೆ ಹೇರಿ ಓಡಿಸಿ, ಹಿಂದಿನ ಗಾಡಿಯವರನ್ನು ಕೇಳಿ ನೋಡಿ.