ಮಿಂಚಂಚೆ ಪೆಟ್ಟಿಗೆಯ ಬೀಗದ ಕೈ ಯಾರ ಬಳಿ?

ಇ-ಮೇಲ್‌ಗೆ ಕನ್ನಡದಲ್ಲಿ ‘ಮಿಂಚಂಚೆ’ ಎಂಬ ಹೆಸರಿದೆ. ಮಿಂಚು ಹೊಸದು, ಅಂಚೆ ಹಳೆಯದು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ, 1672ರಲ್ಲಿ ಆರಂಭವಾದ ಮೈಸೂರು ಅಂಚೆ 1889ರಲ್ಲಿ ಬ್ರಿಟಿಷ್ ಭಾರತದ ಅಂಚೆ ಇಲಾಖೆಯಲ್ಲಿ ವಿಲೀನವಾಯಿತು. ಒಡೆಯರ ಅಂಚೆಯವರು ಕಾಗದ ಮುಟ್ಟಿಸುವುದರ ಜೊತೆಗೆ ಊರಿನ ಸುದ್ದಿಯನ್ನು ಗುಟ್ಟಾಗಿ ಅರಮನೆಗೂ ತಿಳಿಸುತ್ತಿದ್ದರೆಂದು ಇತಿಹಾಸಕಾರ ಮಾರ್ಕ್ ವಿಲ್ಕ್ಸ್ ಬರೆದಿದ್ದಾನೆ. ನಮ್ಮ ಕಾಗದವನ್ನು ಇನ್ನಾರು ಓದುತ್ತಾರೆ ಎಂಬ ಅಳುಕು ಅಂದಿನದೇ.

ದಂಡಿನ ಭಾಗವಾದ ಶಿವಾಜಿನಗರದಲ್ಲಿ ಇಂದು ಆ ಅಳುಕಿಗೆ ಬೇರೆಯೇ ಕಾರಣವಿದೆ. ಕೆಲಸದ ಅರ್ಜಿ, ಪಾಸ್‌ಪೋರ್ಟ್, ಕೊಲ್ಲಿ ದೇಶದ ವೀಸಾ, ಎಲ್ಲಕ್ಕೂ ಇ-ಮೇಲ್ ವಿಳಾಸ ಕೇಳುತ್ತಾರೆ. ಜೆರಾಕ್ಸ್ ಅಂಗಡಿಯಲ್ಲೋ ಸೈಬರ್ ಸೆಂಟರಿನಲ್ಲೋ ವಿಳಾಸ ಮಾಡಿಸಿಕೊಂಡು, ಪಾಸ್‌ವರ್ಡನ್ನು ಅಲ್ಲೇ ಬಿಟ್ಟು ಬರುವವರಿದ್ದಾರೆ. ಪೆಟ್ಟಿಗೆ ಇವರದು, ಬೀಗದ ಕೈ ಅಂಗಡಿಯವರದು!

ಯಾವ ಕಂಪ್ಯೂಟರಿನಲ್ಲಾದರೂ ಪೆಟ್ಟಿಗೆ ತೆರೆಯುವ ಸೌಲಭ್ಯವನ್ನು ಜನಪ್ರಿಯಗೊಳಿಸಿದ್ದು ಹಾಟ್‌ಮೇಲ್. ಬೆಂಗಳೂರಿನಲ್ಲಿ ಬೆಳೆದ ಸಬೀರ್ ಭಾಟಿಯಾ, ಜ್ಯಾಕ್ ಸ್ಮಿತ್ ಜೊತೆಗೂಡಿ 1996ರ ಜುಲೈ 4ರಂದು ಅಮೆರಿಕದಲ್ಲಿ ಅದನ್ನು ಆರಂಭಿಸಿದರು. ಎಲ್ಲಿ ಬೇಕಾದರೂ ತೆರೆಯಬಹುದಾದ ಪೆಟ್ಟಿಗೆಯನ್ನು ಮುಚ್ಚದೆ ಎದ್ದು ಹೋದರೆ ಮುಂದೆ ಕುಳಿತವರೂ ಓದಬಹುದು.

ಪೆಟ್ಟಿಗೆಯನ್ನು ನಾವೇ ನೋಡಿಕೊಳ್ಳುವುದು ಕಷ್ಟವಲ್ಲ. ಅದರ ಏರ್ಪಾಡು ಹೆಚ್ಚುಕಡಿಮೆ ಹಳೆಯ ಕಚೇರಿಯದೇ. ‘ಇನ್‌ಬಾಕ್ಸ್’ ಎಂದರೆ ಬಂದ ಟಪಾಲನ್ನು ಇಡುವ ಮೇಜಿನ ಮೇಲಿನ ಟ್ರೇ. ಓದದೆ ಉಳಿದ ಪತ್ರಗಳು ದಪ್ಪಕ್ಷರದಲ್ಲಿ ಕಾಣುತ್ತವೆ. ‘ಸಿಸಿ’ ಎಂದರೆ ಕಾರ್ಬನ್ ಕಾಪಿ, ಟೈಪಿಸ್ಟರು ಹಾಳೆಗಳ ನಡುವೆ ಕಾರ್ಬನ್ ಇಟ್ಟು ತೆಗೆಯುತ್ತಿದ್ದ ನಕಲು. ಅದು ಯಾರಿಗೆ ಹೋಗಿದೆಯೆಂದು ಎಲ್ಲರಿಗೂ ಕಾಣುತ್ತದೆ. ‘ಬಿಸಿಸಿ’ ಗುಟ್ಟಿನ ನಕಲು. ಅದನ್ನು ಪಡೆದವರ ಹೆಸರು ಉಳಿದವರಿಗೆ ಕಾಣದು. ‘ರಿಪ್ಲೈ’ ಒತ್ತಿದರೆ ಉತ್ತರ ಕಳುಹಿಸಿದವರಿಗಷ್ಟೇ ಹೋಗುತ್ತದೆ. ‘ರಿಪ್ಲೈ ಆಲ್’ ಒತ್ತಿದರೆ ಸಿಸಿಯಲ್ಲಿರುವವರೂ ಸೇರಿ ಎಲ್ಲರಿಗೂ ಹೋಗುತ್ತದೆ. ಸಂಬಳದ ಮಾತು ಬರೆಯುವವರು ಒತ್ತುವ ಮೊದಲು ಒಮ್ಮೆ ನೋಡುವುದು ಲೇಸು.

‘ಆರ್ಕೈವ್’ ಮಾಡಿದ ಪತ್ರ ಅಳಿಸಿ ಹೋಗುವುದಿಲ್ಲ. ಮೇಜಿನಿಂದ ಬೀರುವಿಗೆ ಹೋಗುತ್ತದೆ, ಹುಡುಕಿದರೆ ಸಿಗುತ್ತದೆ. ‘ಡಿಲೀಟ್’ ಮಾಡಿದ್ದು ಕಸದ ಬುಟ್ಟಿಗೆ ಬೀಳುತ್ತದೆ. ಜಿಮೇಲ್‌ನಲ್ಲಿ 30 ದಿನಗಳ ನಂತರ ತಾನಾಗಿಯೇ ಅಳಿಯುತ್ತದೆ.

ಹೆಚ್ಚು ಎಚ್ಚರ ಬೇಕಾದದ್ದು ‘ಸ್ಪ್ಯಾಮ್’ ವಿಷಯದಲ್ಲಿ. ಬೇಡದ ಜಾಹೀರಾತು, ಮೋಸದ ಪತ್ರಗಳನ್ನು ಯಂತ್ರವೇ ಗುರುತಿಸಿ ಅಲ್ಲಿಗೆ ತಳ್ಳುತ್ತದೆ. ಕೆಲವೊಮ್ಮೆ ಸಂದರ್ಶನದ ಕರೆಪತ್ರವೂ ಅದರೊಂದಿಗೆ ಸೇರಿಬಿಡುವುದುಂಟು. ಜಿಮೇಲ್‌ನಲ್ಲಿ ಅದಕ್ಕೂ 30 ದಿನಗಳ ಗಡುವು. ಅರ್ಜಿ ಹಾಕಿದವರು ಎರಡು ದಿನಕ್ಕೊಮ್ಮೆಯಾದರೂ ಅಲ್ಲಿ ಇಣುಕಿ, ಬೇಕಾದ ಪತ್ರವಿದ್ದರೆ ‘ನಾಟ್ ಸ್ಪ್ಯಾಮ್’ ಒತ್ತಿ ಇನ್‌ಬಾಕ್ಸಿಗೆ ತರಬೇಕು.

ವಿಳಾಸವನ್ನು ಬೇರೆಯವರಿಂದ ಮಾಡಿಸಿದ್ದರೆ ಮನೆಗೆ ಬಂದ ದಿನವೇ ಪಾಸ್‌ವರ್ಡ್ ಬದಲಿಸಿ. ಪಾಸ್‌ವರ್ಡ್ ಮರೆತಾಗ ನೆರವಾಗುವ ಮೊಬೈಲ್ ಸಂಖ್ಯೆ ನಿಮ್ಮದೇ ಎಂದು ಖಚಿತಪಡಿಸಿಕೊಳ್ಳಿ. ಬೇರೆಯವರ ಕಂಪ್ಯೂಟರಿನಲ್ಲಿ ಓದಿದರೆ ಏಳುವ ಮುನ್ನ ‘ಸೈನ್ ಔಟ್’ ಒತ್ತುವುದನ್ನು ಮರೆಯಬೇಡಿ.