ದೇಗುಲದ ನೆರಳಿನ ಪೇಟೆ: ಟೋಕಿಯೋದ ಅಸಾಕುಸಾ

ವಸ್ತುಪ್ರದರ್ಶನಕ್ಕೋ ಯಂತ್ರೋಪಕರಣಗಳ ಖರೀದಿಗೋ ಟೋಕಿಯೋ ನಗರಕ್ಕೆ ತೆರಳುವ ಸದಸ್ಯ ಮಿತ್ರರು ಅರ್ಧ ದಿನವನ್ನು ಅಸಾಕುಸಾಕ್ಕೆ ಮೀಸಲಿಡುವುದು ಲೇಸು. ಉಯೆನೋ ನಿಲ್ದಾಣದಿಂದ ಸುರಂಗ ರೈಲಿನಲ್ಲಿ ಐದೇ ನಿಮಿಷಗಳ ಪ್ರಯಾಣ. ಕ್ರಿ.ಶ. 628ರಲ್ಲಿ ಸುಮಿದಾ ನದಿಯಲ್ಲಿ ಬಲೆ ಬೀಸಿದ ಸೋದರರಿಬ್ಬರಿಗೆ ಕಾನ್ನೋನ್, ಅಂದರೆ ಅವಲೋಕಿತೇಶ್ವರನ ವಿಗ್ರಹ ದೊರೆಯಿತೆಂಬುದು ಇಲ್ಲಿಯ ಸೆನ್ಸೋಜಿ ದೇವಾಲಯದ ಐತಿಹ್ಯ. 1945ರ ಬಾಂಬ್ ದಾಳಿಯಲ್ಲಿ ಭಸ್ಮವಾದ ಪ್ರಧಾನ ಮಂದಿರವನ್ನು 1958ರಲ್ಲಿ ಮರಳಿ ಕಟ್ಟಲಾಯಿತು.

ಉದ್ಯಮಿಯ ಕಾಣಿಕೆ

ಮುಂಭಾಗದ ಕಾಮಿನಾರಿಮೋನ್ ಮಹಾದ್ವಾರ 1865ರ ಬೆಂಕಿಯಲ್ಲಿ ಸುಟ್ಟುಹೋಗಿತ್ತು. 95 ವರ್ಷಗಳ ತರುವಾಯ, 1960ರಲ್ಲಿ ಅದನ್ನು ಕಟ್ಟಿಸಿಕೊಟ್ಟವರು ಇಂದಿನ ಪ್ಯಾನಸೋನಿಕ್ ಕಂಪನಿಯ ಸಂಸ್ಥಾಪಕ ಕೊನೊಸುಕೆ ಮತ್ಸುಶಿತ. ಕಾಯಿಲೆ ಗುಣವಾದುದಕ್ಕೆ ಸಲ್ಲಿಸಿದ ಹರಕೆಯಿದು. ದ್ವಾರದಲ್ಲಿ ತೂಗುವ ಸುಮಾರು 700 ಕಿಲೋ ತೂಕದ ಕೆಂಪು ಕಾಗದದ ದೀಪಗೂಡಿನ ತಳದ ಲೋಹಪಟ್ಟಿಯಲ್ಲಿ ಅವರ ಕಂಪನಿಯ ಹಳೆಯ ಹೆಸರನ್ನು ಇಂದಿಗೂ ಕಾಣಬಹುದು.

ತಿಂಡಿ ತಿನಿಸು

ದ್ವಾರ ದಾಟಿದರೆ ನಾಕಾಮಿಸೆ ಬೀದಿ. ಸುಮಾರು 250 ಮೀಟರ್ ಉದ್ದಕ್ಕೂ 90ರಷ್ಟು ಪುಟ್ಟ ಮಳಿಗೆಗಳಿವೆ. ನಮ್ಮ ಮಂಡಕ್ಕಿ ಉಂಡೆಯನ್ನು ನೆನಪಿಸುವ ಕಾಮಿನಾರಿ ಒಕೋಶಿ, ಕಾಳಿನ ಸಿಹಿ ಹೂರಣ ತುಂಬಿ ಅಚ್ಚಿನಲ್ಲಿ ಬೇಯಿಸಿದ ನಿಂಗ್ಯೋಯಾಕಿ, ಸೋಯಾ ರಸ ಸವರಿದ ಅಕ್ಕಿಯ ಸೆನ್ಬೆ ಇಲ್ಲಿಯ ವಿಶೇಷಗಳು. ನಡೆಯುತ್ತ ತಿನ್ನುವುದು ಅಲ್ಲಿ ಶಿಷ್ಟಾಚಾರವಲ್ಲ; ಕೊಂಡ ಅಂಗಡಿಯ ಎದುರೇ ನಿಂತು ತಿಂದು ಮುಗಿಸಬೇಕು. ಸಸ್ಯಾಹಾರಿಗಳು ಗಮನಿಸಬೇಕಾದುದು: ನಿಂಗ್ಯೋಯಾಕಿಯ ಹಿಟ್ಟಿನಲ್ಲಿ ಮೊಟ್ಟೆಯಿರುತ್ತದೆ, ತರಕಾರಿ ತೆಂಪುರಾದ ಜೊತೆಗೆ ಕೊಡುವ ಸಾರಿನಲ್ಲಿ ಸಾಮಾನ್ಯವಾಗಿ ಮೀನಿನ ಅಂಶವಿರುತ್ತದೆ.

ಬಾಡಿಗೆಯ ಪ್ರಶ್ನೆ

ಈ ಬೀದಿಯ ಲೆಕ್ಕಾಚಾರವೂ ಕುತೂಹಲಕರ. ನೆಲ ದೇವಾಲಯದ್ದಾದರೂ ಮಳಿಗೆಗಳ ಕಟ್ಟಡ ಟೋಕಿಯೋ ಆಡಳಿತದ ಒಡೆತನದಲ್ಲಿತ್ತು. 2017ರಲ್ಲಿ ದೇವಾಲಯವು ಕಟ್ಟಡಗಳನ್ನು ಕೊಂಡು, 10 ಚದರ ಮೀಟರಿಗೆ ತಿಂಗಳಿಗೆ ಸುಮಾರು 15 ಸಾವಿರ ಯೆನ್ ಇದ್ದ ಬಾಡಿಗೆಯನ್ನು ಎರಡೂವರೆ ಲಕ್ಷಕ್ಕೆ ಏರಿಸಬಯಸಿತು. ಸುತ್ತಲಿನ ಮಾರುಕಟ್ಟೆ ದರವೇ ಅಷ್ಟೆಂಬುದು ದೇವಾಲಯದ ವಾದ. ತಲೆಮಾರುಗಳಿಂದ ಒಕೋಶಿ, ಬೀಸಣಿಗೆ ಮಾರಿ ಬದುಕಿದ ಮನೆತನಗಳಿಗೆ ಅದು ಹೊರಲಾರದ ಹೊರೆ. ಕೊನೆಗೆ ಎಂಟು ವರ್ಷಗಳಲ್ಲಿ ಹಂತಹಂತವಾಗಿ ಏರಿಸುವ ಒಪ್ಪಂದವಾಗಿ 2018ರಿಂದ ಜಾರಿಗೆ ಬಂತು.

ದೇವಸ್ಥಾನಗಳ ಆಸ್ತಿಯಲ್ಲಿ ಮಳಿಗೆ ಹಿಡಿದಿರುವ ನಮ್ಮ ವರ್ತಕರಿಗೆ ಇದು ದೂರದ ಕಥೆಯೆನಿಸದು. ಕಡಿಮೆ ಬಾಡಿಗೆಯನ್ನು ಶಾಶ್ವತವೆಂದು ಭಾವಿಸಿ ಲಾಭ ಲೆಕ್ಕಹಾಕುವವರು, ಮಾರುಕಟ್ಟೆ ದರದ ಬಾಡಿಗೆ ತೆತ್ತರೂ ವ್ಯಾಪಾರ ನಿಲ್ಲುವುದೇ ಎಂದು ವರ್ಷಕ್ಕೊಮ್ಮೆಯಾದರೂ ಪರಿಶೀಲಿಸಿಕೊಳ್ಳುವುದು ಕ್ಷೇಮ.