ಜೇನಿನೂರಲ್ಲಿ ಕೂಸಿನ ರಾತ್ರಿ

ಸುಗ್ಗಿಹಬ್ಬ ಹುತ್ತರಿಯ ಕದಿರನ್ನು ಯಾವ ರಾತ್ರಿ, ಎಷ್ಟು ಹೊತ್ತಿಗೆ ಕೊಯ್ಯಬೇಕು ಎಂದು ತಿಳಿಯಲು ಕೊಡಗಿನವರು ಕಕ್ಕಬೆಯತ್ತ ನೋಡುತ್ತಾರೆ. ಪಾಡಿ ಇಗ್ಗುತ್ತಪ್ಪನ ಸನ್ನಿಧಿಯಲ್ಲಿ ಮುಹೂರ್ತ ನಿಗದಿಯಾಯಿತೆಂದರೆ ನಾಡಿಗೆ ನಾಡೇ ಅದಕ್ಕೆ ಒಪ್ಪಿ ನಡೆಯುತ್ತದೆ. ಆದರೆ ಅದೇ ಕಕ್ಕಬೆಯ ಮನೆಯೊಂದರಲ್ಲಿ ನಾಲ್ಕು ತಿಂಗಳ ಕೂಸಿದ್ದರೆ ಅದು ಯಾರ ಮುಹೂರ್ತಕ್ಕೂ ಬಗ್ಗುವುದಿಲ್ಲ. ಹನ್ನೊಂದಕ್ಕೆ ಏಳುತ್ತದೆ, ಒಂದೂವರೆಗೆ ಏಳುತ್ತದೆ, ನಾಲ್ಕಕ್ಕೆ ಎದ್ದು ಕೈಕಾಲು ಆಡಿಸುತ್ತ ನಗುತ್ತದೆ. ಆ ನಗುವಿಗೆ ನಗಲೂ ತ್ರಾಣವಿಲ್ಲದ ತಾಯಿಗೆ, ಬೆಳಿಗ್ಗೆ ಕಾಫಿಗೆ ಬಂದವರೆಲ್ಲ ಕೇಳುವುದು ಒಂದೇ ಮಾತು: ‘ರಾತ್ರಿಯೆಲ್ಲ ಮಲಗ್ತದಾ?’

ತಾಯಿಯ ಅರ್ಧ ಆತಂಕ ಹುಟ್ಟುವುದು ಈ ಪ್ರಶ್ನೆಯಿಂದಲೇ. 1957ರಲ್ಲಿ ಲಂಡನ್ನಿನ ಕೂಸುಗಳ ರಾತ್ರಿ ಎಚ್ಚರವನ್ನು ಅಧ್ಯಯನ ಮಾಡಿದ ಮೂರ್ ಮತ್ತು ಉಕೊ, ನಡುರಾತ್ರಿಯಿಂದ ಬೆಳಗಿನ ಐದರವರೆಗೆ ಎದ್ದು ಅಳದ ಮಗುವನ್ನು ‘ರಾತ್ರಿಗೆ ಹೊಂದಿಕೊಂಡ’ ಮಗು ಎಂದು ಲೆಕ್ಕ ಹಿಡಿದರು. ಅಂದರೆ ಬರೀ ಐದು ತಾಸು! ಆ ಅಳತೆಯಲ್ಲೂ ಮೂರು ತಿಂಗಳ ಹೊತ್ತಿಗೆ ತೇರ್ಗಡೆಯಾದ ಕೂಸುಗಳು ನೂರಕ್ಕೆ ಎಪ್ಪತ್ತು. 2018ರಲ್ಲಿ ಕೆನಡಾದ ಸಂಶೋಧಕರು 388 ಕೂಸುಗಳನ್ನು ಗಮನಿಸಿದಾಗ, ಆರು ತಿಂಗಳಾಗಿದ್ದರೂ ನೂರಕ್ಕೆ 38ರಷ್ಟು ಕೂಸುಗಳು ಒಂದೇ ಸಮನೆ ಆರು ತಾಸು ಮಲಗುತ್ತಿರಲಿಲ್ಲ. ವರ್ಷ ತುಂಬಿದಾಗಲೂ ನೂರಕ್ಕೆ 28ರಷ್ಟು ಹಾಗೆಯೇ ಇದ್ದವು. ಹೀಗೆ ಎದ್ದೆದ್ದು ಮಲಗಿದ ಮಕ್ಕಳಿಗೂ ಗಡದ್ದಾಗಿ ಮಲಗಿದ ಮಕ್ಕಳಿಗೂ ಬೆಳವಣಿಗೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಪಕ್ಕದ ಮನೆಯ ಕೂಸು ಎರಡೇ ತಿಂಗಳಿಗೆ ಬೆಳಗಿನವರೆಗೆ ಮಲಗಿತೆಂದರೆ ಅದು ಆ ಮನೆಯವರ ಅದೃಷ್ಟ. ಸಾಧನೆಯೇನಲ್ಲ.

ಹುಟ್ಟಿದ ಮಗುವಿಗೆ ಹಗಲು ರಾತ್ರಿಯ ಪರಿವೆ ಇರುವುದಿಲ್ಲ. ಇರುಳಾಯಿತೆಂದು ಮೈಗೆ ಹೇಳುವ ಮೆಲಟೋನಿನ್ ಅದರ ದೇಹದಲ್ಲಿ ಲಯಬದ್ಧವಾಗಿ ಸ್ರವಿಸಲು ಎರಡು ಮೂರು ತಿಂಗಳು ಬೇಕು. ನಮ್ಮ ನಿದ್ದೆಯ ಒಂದು ಸುತ್ತು ಸುಮಾರು ತೊಂಬತ್ತು ನಿಮಿಷದ್ದಾದರೆ ಕೂಸಿನದು ಐವತ್ತು ಅರವತ್ತು ನಿಮಿಷದಲ್ಲೇ ಮುಗಿಯುತ್ತದೆ. ಅದರಲ್ಲೂ ಅರ್ಧದಷ್ಟು ಚಡಪಡಿಕೆಯ ನಿದ್ದೆ. ಆಗ ಕೂಸು ಮುಲುಗುತ್ತದೆ, ಮುಖ ಕಿವುಚುತ್ತದೆ, ಒಮ್ಮೆ ಕೂಗಿಯೂ ಬಿಡುತ್ತದೆ. ಎದ್ದಿರುವುದಿಲ್ಲ. ಆ ಸದ್ದಿಗೆ ಹಾರಿ ಬಂದು, ದೀಪ ಹಾಕಿ, ಎತ್ತಿಕೊಂಡು ‘ಏನಾಯ್ತು ಚಿನ್ನಾ’ ಎಂದವರೇ ಎಷ್ಟೋ ಸಲ ಅದನ್ನು ಎಬ್ಬಿಸಿರುತ್ತಾರೆ. ಒಂದೆರಡು ನಿಮಿಷ ಕಾದು ನೋಡಿದರೆ ತಪ್ಪಿಲ್ಲ. ಹಗಲು ಕಿಟಕಿ ತೆರೆದು ಬೆಳಕಿನಲ್ಲಿ ಆಡಿಸಿ, ರಾತ್ರಿ ಹಾಲು ಕೊಡುವಾಗ ಮಾತು, ದೀಪ, ಮೊಬೈಲು ಎಲ್ಲವನ್ನೂ ದೂರವಿಟ್ಟರೆ ಕೂಸಿಗೆ ಇರುಳಿನ ಗುರುತು ಬೇಗ ಸಿಗುತ್ತದೆ. ಮಳೆಗಾಲದಲ್ಲಿ ವಾರಗಟ್ಟಲೆ ಕರೆಂಟು ಹೋಗುವ ಕಕ್ಕಬೆಯಲ್ಲಿ ಈ ಕೊನೆಯ ಸಲಹೆಯನ್ನು ವಿದ್ಯುತ್ ಇಲಾಖೆಯೇ ಜಾರಿಗೆ ತಂದುಬಿಡುತ್ತದೆ.

ಮಳೆಯದ್ದೂ ಒಂದು ಉಪಕಾರವಿದೆ. ತಡಿಯಂಡಮೋಳ್ ಬೆಟ್ಟದ ಬುಡದ ಈ ಊರಿನಲ್ಲಿ ಜೂನ್‌ನಿಂದ ಸೆಪ್ಟೆಂಬರಿನವರೆಗೆ ಹೆಂಚಿನ ಮೇಲೆ, ತಗಡಿನ ಮೇಲೆ ಒಂದೇ ಸಮನೆ ಮೊರೆತ. 1990ರಲ್ಲಿ ಬ್ರಿಟನ್ನಿನ ವೈದ್ಯರು ನವಜಾತ ಶಿಶುಗಳಿಗೆ ಇಂಥದ್ದೇ ಏಕತಾನದ ಸದ್ದು ಕೇಳಿಸಿ ನೋಡಿದರು. ಇಪ್ಪತ್ತರಲ್ಲಿ ಹದಿನಾರು ಕೂಸುಗಳು ಐದೇ ನಿಮಿಷದಲ್ಲಿ ನಿದ್ದೆ ಹೋದವು. ಸದ್ದಿಲ್ಲದೆ ಮಲಗಿಸಿದ ಇಪ್ಪತ್ತರಲ್ಲಿ ನಿದ್ದೆ ಬಂದದ್ದು ಐದಕ್ಕೆ ಮಾತ್ರ. ಈಗ ಆ ಸದ್ದನ್ನು ಯಂತ್ರದಲ್ಲಿ ತುಂಬಿಸಿ ಮಾರುತ್ತಾರೆ. ಕೊಂಡವರು ಅದನ್ನು ತೊಟ್ಟಿಲಿಂದ ದೂರವಿಟ್ಟು ಸಣ್ಣ ದನಿಯಲ್ಲಿ ಹಚ್ಚುವುದು ಮೇಲು. ಎಳೆಯ ಕಿವಿಗೆ ಅತಿಯಾದ ಸದ್ದು ಹಾನಿ.

ಇನ್ನು ಜೇನಿನ ವಿಚಾರ. ಕಕ್ಕಬೆಗೆ ಬಂದು ಜೇನಿನ ಮಾತಾಡದೆ ಹೋಗಲಾಗದು. ಒಂದು ಕಾಲಕ್ಕೆ ದಕ್ಷಿಣ ಏಷ್ಯಾದಲ್ಲೇ ಅತಿ ಹೆಚ್ಚು ಜೇನು ಬರುವ ಊರೆಂದು ಹೆಸರಾಗಿದ್ದ ನೆಲ ಇದು. ಏಲಕ್ಕಿ, ಕಾಫಿ, ಕಾಡಿನ ಹೂವುಗಳ ನಡುವೆ ತುಡುವೆ ಜೇನಿನ ಪೆಟ್ಟಿಗೆ ಇಲ್ಲದ ಮನೆ ಕಡಿಮೆ ಇತ್ತು. 1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ದಕ್ಷಿಣ ಭಾರತದ ತುಡುವೆ ಸಂಸಾರಗಳನ್ನು ಗುಡಿಸಿ ಹಾಕಿದಾಗ ಇಲ್ಲಿನ ಪೆಟ್ಟಿಗೆಗಳೂ ಬರಿದಾದವು. ಜೇನು ಕಡಿಮೆಯಾದರೂ ಜೇನಿನ ಮೇಲಿನ ನಂಬಿಕೆ ಕಡಿಮೆಯಾಗಲಿಲ್ಲ. ಹುಟ್ಟಿದ ಕೂಸಿನ ತುಟಿಗೆ ಜೇನು ಸವರುವುದು, ರಾತ್ರಿ ಅತ್ತರೆ ಬೆರಳಿಗೆ ಅದ್ದಿ ಚೀಪಿಸುವುದು ಇಂದಿಗೂ ಅನೇಕ ಮನೆಗಳಲ್ಲಿದೆ.

ಕಕ್ಕಬೆಯಂಥ ಊರಲ್ಲಿ ನಿಂತು ಹೇಳಲು ಸ್ವಲ್ಪ ಧೈರ್ಯ ಬೇಕು, ಆದರೂ ಹೇಳಲೇಬೇಕು: ವರ್ಷ ತುಂಬದ ಮಗುವಿಗೆ ಜೇನು ಕೂಡದು. ಜೇನಿನಲ್ಲಿ ಕ್ಲಾಸ್ಟ್ರಿಡಿಯಂ ಬಾಟುಲಿನಮ್ ಎಂಬ ಬ್ಯಾಕ್ಟೀರಿಯಾದ ಬೀಜಕಗಳು ಇರಬಹುದು. ದೊಡ್ಡವರ ಕರುಳಿನಲ್ಲಿ ಅವುಗಳ ಆಟ ನಡೆಯದು. ಎಳೆಯ ಕರುಳಿನಲ್ಲಿ ಅವು ಮೊಳೆತು ವಿಷ ಸುರಿಸುತ್ತವೆ. ಶಿಶುಗಳಿಗೆ ಹೀಗೆ ಬರುವ ಬಾಟುಲಿಸಂ ರೋಗವನ್ನು ವೈದ್ಯರು ಗುರುತಿಸಿದ್ದು 1976ರಲ್ಲಿ, ಕ್ಯಾಲಿಫೋರ್ನಿಯಾದಲ್ಲಿ. ಕಾಯಿಲೆ ಅಪರೂಪದ್ದೇ, ಆದರೆ ಅದು ಬರುವ ರೀತಿ ಕೇಳಿ. ಮೊದಲು ಮಲಬದ್ಧತೆ. ಆಮೇಲೆ ಅಳು ಸಣ್ಣದಾಗುತ್ತದೆ, ಹಾಲು ಎಳೆಯುವ ಬಲ ಕುಂದುತ್ತದೆ, ಕತ್ತು ಜೋಲುತ್ತದೆ. ಅಳು ಸಣ್ಣದಾದ ಕೂಸನ್ನು ನೋಡಿ ‘ಜೇನು ನೆಕ್ಕಿಸಿದೆವು, ಈಗ ತಣ್ಣಗೆ ಮಲಗುತ್ತಿದೆ’ ಎಂದು ಮನೆಯವರು ನೆಮ್ಮದಿಪಡುವ ಅಪಾಯ ಇಲ್ಲಿದೆ. ನಮ್ಮದು ಕಲಬೆರಕೆಯಿಲ್ಲದ ಕಾಡುಜೇನು ಎಂಬ ವಾದವೂ ನಿಲ್ಲುವುದಿಲ್ಲ. ಬೀಜಕಕ್ಕೆ ಶುದ್ಧ ಅಶುದ್ಧದ ಭೇದವಿಲ್ಲ, ಮನೆಯಲ್ಲಿ ಕುದಿಸಿದರೆ ಅದು ಸಾಯುವುದೂ ಇಲ್ಲ. ಹೋಮ್‌ಸ್ಟೇಗೆ ಬಂದವರು ಊರಿಗೊಯ್ಯುವ ಜೇನಿನ ಬಾಟಲಿಗೂ ಇದೇ ಮಾತು.

ಚಳಿಗೆ ಎರಡು ಹನಿ ಬ್ರಾಂಡಿ ಎಂಬುದು ಇನ್ನೊಂದು ಮದ್ದು. ಮಳೆನಾಡಿನಲ್ಲಿ ಇದಕ್ಕೆ ದೊಡ್ಡವರ ಕೃಪಾಶೀರ್ವಾದವೂ ಇದೆ! ಮಂಪರು ನಿದ್ದೆಯಲ್ಲ, ಎಳೆಯ ಯಕೃತ್ತಿಗೆ ಮದ್ಯ ಶುದ್ಧ ವಿಷ. ಕೂಸನ್ನು ಅಮಲಿನಿಂದ ಮಲಗಿಸುವ ಚಟ ನಮ್ಮೊಬ್ಬರದ್ದಲ್ಲ ಎಂಬುದೂ ನಿಜ. ವಿಲಿಯಂ ವುಡ್‌ವರ್ಡ್ 1851ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನಲ್ಲಿ ತಯಾರಿಸಿದ ಗ್ರೈಪ್ ವಾಟರಿನಲ್ಲಿ ಮೊದಲಿಗೆ ಮದ್ಯಸಾರ ಇತ್ತು. ಅಮೆರಿಕದಲ್ಲಿ ಮಾರ್ಫಿನ್ ಬೆರೆತ ಸಿರಪ್ಪು ‘ಮಗುವನ್ನು ಸಂತೈಸುವ ಮದ್ದು’ ಎಂದೇ ಮಾರಾಟವಾಗುತ್ತಿತ್ತು. ಬೊಂಬಾಯಿಯ ಗಿರಣಿಗಳಿಗೆ ಕೆಲಸಕ್ಕೆ ಹೋಗುವ ತಾಯಂದಿರು ಕೂಸಿಗೆ ಅಫೀಮಿನ ‘ಬಾಲಗೋಳಿ’ ನುಂಗಿಸಿ ಮಲಗಿಸುತ್ತಿದ್ದರು. 1931ರಲ್ಲಿ ವರದಿ ಕೊಟ್ಟ ಕಾರ್ಮಿಕ ಆಯೋಗವೂ ಇದನ್ನು ಎತ್ತಿ ಹೇಳಿತು. ಆ ತಾಯಂದಿರನ್ನು ಕ್ರೂರಿಗಳು ಎನ್ನುವುದು ಸುಲಭ. ಮಗು ನೋಡಿಕೊಳ್ಳಲು ಯಾರೂ ಇಲ್ಲದವಳ ಕೈಗೆ ಸಿಕ್ಕ ಆಯಾ ಆ ಗುಳಿಗೆ.

ಅಜ್ಜಿಯರ ಪದ್ಧತಿಯೆಲ್ಲ ತಪ್ಪೆಂದಲ್ಲ. ಎಣ್ಣೆ ನೀವಿ ಎರೆದ ಕೂಸು ಚೆನ್ನಾಗಿ ಮಲಗುವುದನ್ನು ಕಾಣದ ಮನೆಯಿಲ್ಲ. 2000ದಲ್ಲಿ ಪ್ರಕಟವಾದ ದೆಹಲಿಯ ಅಧ್ಯಯನವೊಂದರಲ್ಲಿ 125 ಕೂಸುಗಳಿಗೆ ನಾಲ್ಕು ವಾರ ನೀವಿ ನೋಡಿದಾಗ, ಎಳ್ಳೆಣ್ಣೆ ಹಚ್ಚಿದವಕ್ಕೆ ಬೆಳವಣಿಗೆಯೂ ನಿದ್ದೆಯೂ ಹೆಚ್ಚಿದ್ದು ಕಂಡಿತು. ಎತ್ತಿಕೊಂಡು ಮನೆಮುಂದಿನ ಜಗಲಿ ಕೈಯಾಲೆಯ ಉದ್ದಕ್ಕೂ ಓಡಾಡುವ ಅಜ್ಜಿಯ ಕ್ರಮಕ್ಕೆ ಜಪಾನಿನ ರೈಕೆನ್ ಸಂಸ್ಥೆಯ ವಿಜ್ಞಾನಿಗಳು 2022ರಲ್ಲಿ ಲೆಕ್ಕ ಕೊಟ್ಟರು: ಅಳುವ ಕೂಸನ್ನು ಎದೆಗವಚಿಕೊಂಡು ಐದು ನಿಮಿಷ ನಿಲ್ಲದೆ ನಡೆಯಿರಿ, ಕಣ್ಣು ಮುಚ್ಚಿದ ಮೇಲೂ ಐದರಿಂದ ಎಂಟು ನಿಮಿಷ ಹಿಡಿದೇ ಕುಳಿತಿರಿ, ಆಮೇಲೆ ಮಲಗಿಸಿ. ನಿದ್ದೆ ಹತ್ತಿದ ತಕ್ಷಣ ಇಳಿಸಿದರೆ ಮೈ ಬೇರ್ಪಡುವ ಗಳಿಗೆಗೇ ಎಚ್ಚರ.

ಬಿಡಬೇಕಾದ್ದು ಬಾಣಂತಿ ಕೋಣೆಯ ಹೊಗೆ. ಕಿಟಕಿ ಬಾಗಿಲು ಜಡಿದು ಒಳಗೆ ಕೆಂಡದ ಅಗ್ಗಿಷ್ಟಿಕೆ ಇಟ್ಟರೆ ಬಣ್ಣ ವಾಸನೆಯಿಲ್ಲದ ಕಾರ್ಬನ್ ಮೊನಾಕ್ಸೈಡ್ ತುಂಬುತ್ತದೆ, ತಾಯಿ ಮಗು ಇಬ್ಬರಿಗೂ ಪ್ರಾಣಾಪಾಯ. ಜನವರಿಯ ಚಳಿಗೆ ನಾವು ಹಾಕಿಕೊಂಡದ್ದಕ್ಕಿಂತ ಒಂದು ಪದರ ಹೆಚ್ಚು ಬಟ್ಟೆ ಕೂಸಿಗೆ ಸಾಕು. ಮಲಗಿಸುವಾಗ ಟೊಪ್ಪಿ ಬೇಡ, ಮುಖದ ಹತ್ತಿರ ಕಂಬಳಿ, ದಿಂಬು ಬೇಡ. ಅಂಗಾತ, ಗಟ್ಟಿಯಾದ ಸಮತಟ್ಟು ಹಾಸಿಗೆಯಲ್ಲಿ, ತಾಯಿಯ ಕೋಣೆಯಲ್ಲೇ. 1990ರ ದಶಕದಲ್ಲಿ ಮಗುವನ್ನು ಅಂಗಾತ ಮಲಗಿಸಿ ಎಂಬ ಪ್ರಚಾರ ಶುರುವಾದ ದೇಶಗಳಲ್ಲೆಲ್ಲ ನಿದ್ದೆಯಲ್ಲೇ ಶಿಶುಗಳು ಸಾಯುವುದು ಗಣನೀಯವಾಗಿ ಇಳಿಯಿತು.

ಅಳಲು ಬಿಟ್ಟು ಕಲಿಸುವ ಪಶ್ಚಿಮದ ವಿಧಾನದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. 1985ರಲ್ಲಿ ರಿಚರ್ಡ್ ಫರ್ಬರ್ ಬರೆದ ಪುಸ್ತಕದಿಂದ ಅದು ಮನೆಮಾತಾಯಿತು. ಮಗುವಿಗೆ ಬೇರೆ ಕೋಣೆ ಇರುವ ಮನೆಗೆ ಹೊಂದುವ ಉಪಾಯ ಅದು. ಆರು ತಿಂಗಳೊಳಗಿನ, ಹಾಲಿಗಾಗಿ ಏಳುವ ಕೂಸಿಗೆ ಹೇಳಿದ್ದಲ್ಲ.

ನನಗೆ ಮುಖ್ಯವಾಗಿ ಕಾಣುವುದು, ಎದ್ದ ಕೂಸನ್ನು ಯಾರು ಎತ್ತಿಕೊಳ್ಳುತ್ತಾರೆ ಎಂಬುದು. ಕೂಡುಕುಟುಂಬ ನೆಲೆಸಿದ್ದ ಐನ್‌ಮನೆಯ ಒಕ್ಕದಲ್ಲಿ ಕೂಸು ಎದ್ದರೆ ಎತ್ತಲು ಅಜ್ಜಿ, ದೊಡ್ಡಮ್ಮ, ನಾದಿನಿಯ ಕೈಗಳಿದ್ದವು. ಹೆತ್ತವಳನ್ನು ಎರಡು ತಿಂಗಳು, ಬಾವಿಯಲ್ಲಿ ಗಂಗೆಪೂಜೆ ಮಾಡುವವರೆಗೆ, ಕೆಲಸಕ್ಕೆ ಹಚ್ಚುತ್ತಿರಲಿಲ್ಲ. ಮೈಲಿಗೆಯ ಹೆಸರಿನಲ್ಲಾದರೂ ಆಕೆಗೆ ವಿಶ್ರಾಂತಿ ಸಿಗುತ್ತಿತ್ತು. ಈಗ ತೋಟದ ನಡುವಿನ ಒಂಟಿ ಮನೆಯಲ್ಲಿ ಗಂಡ, ಹೆಂಡತಿ, ಕೂಸು. ಕತ್ತಲಾದರೆ ಅಂಗಳದಾಚೆ ಆನೆಯ ಭಯ, ಪಕ್ಕದ ಮನೆಗೂ ಹೋಗುವಂತಿಲ್ಲ. ಇಂಥಲ್ಲಿ ರಾತ್ರಿಯನ್ನು ಇಬ್ಭಾಗ ಮಾಡಿಕೊಳ್ಳದೆ ದಾರಿಯಿಲ್ಲ. ಒಂಬತ್ತರಿಂದ ಒಂದರವರೆಗೆ ತಾಯಿಗೆ ನಿದ್ದೆ, ಹಾಲಿಗೆ ಮಾತ್ರ ಎಬ್ಬಿಸುವುದು. ತೇಗಿಸುವುದು, ಬಟ್ಟೆ ಬದಲಿಸುವುದು, ಎತ್ತಿಕೊಂಡು ನಡೆಯುವುದು ಗಂಡನ ಪಾಲು. ಗದ್ದೆಗೆ ಆನೆ, ಹಂದಿ ಬೀಳದಂತೆ ಅಟ್ಟಣೆ ಹತ್ತಿ ರಾತ್ರಿಯಿಡೀ ಕಾದ ಗಂಡಸರ ಊರಿದು. ನಿದ್ದೆಗೆಡುವುದು ಅವರಿಗೆ ಹೊಸತೇನಲ್ಲ.

ಹೆರಿಗೆಯಾಗಿ ಎರಡು ವಾರ ಕಳೆದರೂ ತಾಯಿಗೆ ಕಾರಣವಿಲ್ಲದೆ ಅಳು, ಮಗು ಮಲಗಿದಾಗಲೂ ತನಗೆ ನಿದ್ದೆ ಹತ್ತದ ಸ್ಥಿತಿ, ಮಗುವಿನ ಮೇಲೇ ಭಯ ಅಥವಾ ಕೋಪ ಕಂಡರೆ ಅದು ಬಾಣಂತಿಯ ಖಿನ್ನತೆಯಿರಬಹುದು. 14416 ಸಂಖ್ಯೆಯ ಟೆಲಿ ಮಾನಸ್ ಸಹಾಯವಾಣಿಯಲ್ಲಿ ಕನ್ನಡದಲ್ಲೇ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ ಮಗುವನ್ನು ಒಟ್ಟಿಗೇ ಇಟ್ಟುಕೊಂಡು ಚಿಕಿತ್ಸೆ ಕೊಡುವ ಘಟಕ 2009ರಿಂದ ಇದೆ.

ಇದೆಲ್ಲ ಮನೆ, ತೋಟ ಇದ್ದವರ ಮಾತಾಯಿತು. ತೋಟದ ಕೂಲಿಯವರ ಲೈನ್‌ಮನೆಯ ಒಂದೇ ಕೋಣೆಯಲ್ಲಿ ಐದಾರು ಮಂದಿ ಮಲಗುವಾಗ ಕೂಸು ಎದ್ದರೆ ಎಲ್ಲರೂ ಏಳುತ್ತಾರೆ, ಆದರೂ ಬೆಳಿಗ್ಗೆ ಕಾಫಿ ಕೊಯ್ಲಿಗೆ ಹೊರಡಬೇಕು. ಗಿಡಗಳ ನಡುವೆ ನೆರಳುಮರದ ಕೊಂಬೆಗೆ ಸೀರೆ ಕಟ್ಟಿ ಕೂಸನ್ನು ತೂಗಿಬಿಡುವ ತಾಯಂದಿರನ್ನು ಡಿಸೆಂಬರಿನಿಂದ ಫೆಬ್ರವರಿಯವರೆಗೆ ಯಾವ ತೋಟದಲ್ಲಾದರೂ ಕಾಣಬಹುದು. ಜೋಲಿಯಲ್ಲಿ ಕತ್ತು ಎದೆಗೆ ಮಡಚಿದರೆ ಉಸಿರು ಕಟ್ಟುತ್ತದೆ ಎಂದು ಅವರಿಗೆ ಎಚ್ಚರಿಸಬಹುದು, ಆದರೆ ಕೂಸನ್ನು ಇನ್ನೆಲ್ಲಿ ಮಲಗಿಸಬೇಕು ಎಂದು ಕೇಳಿದರೆ ಉತ್ತರ ಬೇಕಲ್ಲ? ಐವತ್ತು ಹೆಂಗಸರು ದುಡಿಯುವ ತೋಟದಲ್ಲಿ ಶಿಶುವಿಹಾರ ಇರಬೇಕೆಂದು 1951ರ ತೋಟ ಕಾರ್ಮಿಕರ ಕಾಯ್ದೆ ಹೇಳಿತು. ಮಗುವಿಗೆ ಹದಿನೈದು ತಿಂಗಳಾಗುವವರೆಗೆ ಹಾಲೂಡಿಸಲು ದಿನಕ್ಕೆ ಎರಡು ಬಿಡುವು ಎಂದು 1961ರ ಹೆರಿಗೆ ಸೌಲಭ್ಯ ಕಾಯ್ದೆ ಹೇಳಿತು. ಕೊಡಗಿನ ಬಹುಪಾಲು ಬೆಳೆಗಾರರು ಸಣ್ಣ ಹಿಡುವಳಿಯವರು, ಹೆಂಗಸರಲ್ಲಿ ಅನೇಕರು ಕೊಯ್ಲಿನ ಎರಡು ಮೂರು ತಿಂಗಳಿಗೆ ಬಂದು ಹೋಗುವವರು. ಶಿಶುವಿಹಾರದ ನಿಯಮ ಅವರ ತನಕ ಬರುವುದೇ ಇಲ್ಲ. ನಾಲ್ಕೈದು ಸಣ್ಣ ತೋಟದವರು ಸೇರಿ, ಕೊಯ್ಲು ಮುಗಿಯುವ ತನಕ ಕೂಸುಗಳನ್ನು ನೋಡಿಕೊಳ್ಳಲು ಅನುಭವಸ್ಥ ಹೆಂಗಸೊಬ್ಬರಿಗೆ ದಿನಗೂಲಿ ಕೊಟ್ಟರೆ ತಲಾ ಬೀಳುವ ಖರ್ಚು ದೊಡ್ಡದಲ್ಲ. ಹಾಲೂಡಿಸುವವಳಿಗೆ ಒಂದು ತಾಸು ತಡವಾಗಿ ಬಾ ಎನ್ನಲಂತೂ ಯಾವ ಕಾಯ್ದೆಯೂ ಬೇಕಿಲ್ಲ.